ಹೊಸ ಬೆಲ್ಟು ಹಾಡುತ್ತದೆ

ಜೂನ್ ೪

ಮಗಳಿಗೆ,

ಇದು ಕ್ಷೇಮ ಸಮಾಚಾರದ ಪತ್ರವಲ್ಲ, ಕೆಲಸದ ಪತ್ರ. ಫೋನು ಮಾಡಬಹುದಿತ್ತು. ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ ನಾನು ಸುಮ್ಮನಿರುವುದಿಲ್ಲ. ಕಾಗದದಲ್ಲಾದರೆ ಇಬ್ಬರೂ ಮರ್ಯಾದೆಯಿಂದ ಇರಬಹುದು.

ಗ್ಯಾರೇಜಿಗೆ ನರ್ಸಮ್ಮನ ಕಾರು ಬಂದಿದೆ. ನೀನಿದ್ದಾಗ ಸೈಕಲ್ಲಿನಲ್ಲಿ ಓಡಾಡುತ್ತಿದ್ದರಲ್ಲ, ಅವರೇ. ಈಗ ಮಂಡಿ ನೋವು, ಹಳೆಯದೊಂದು ಕಾರು ತೆಗೆದುಕೊಂಡಿದ್ದಾರೆ. ಥೇಟು ನಮ್ಮ ಕಾರಿನದೇ ಅಚ್ಚು, ಬಣ್ಣ ಮಾತ್ರ ಬೇರೆ. ಗುಡ್ಡದ ಆಚೆಯ ಮನೆಗಳಿಗೆ ಹೆರಿಗೆ ಮಾಡಿಸಲು ಅದರಲ್ಲೇ ಹೋಗುತ್ತಾರೆ. ಮೇಸ್ತ್ರಿ ಅದಕ್ಕೆ ಟೈಮಿಂಗ್ ಬೆಲ್ಟ್ ಬದಲಿಸಿದ. ಎರಡು ದಿನ ಓಡಿಸಿ ವಾಪಸು ತಂದರು. "ಒಳಗೆ ಏನೋ ಅಳ್ತಿದೆ ಅಮ್ಮಾವ್ರೆ" ಎಂದರು.

ನಾನೂ ನಿಂತು ಕೇಳಿದೆ. ಸ್ಟಾರ್ಟ್ ಮಾಡಿದ ಕೂಡಲೇ ಇರುವುದಿಲ್ಲ. ಒಂದೆರಡು ನಿಮಿಷ ಬಿಟ್ಟು ತೆಳ್ಳಗೆ ಶುರುವಾಗುತ್ತದೆ, ಹಲ್ಲು ಕಚ್ಚಿ ಹಿಡಿದುಕೊಂಡವರ ಮೂಗಿನಿಂದ ಬರುವ ಅಳುವಿನ ಹಾಗೆ. ಆಕ್ಸಿಲರೇಟರ್ ಒತ್ತಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ, ನಿಲ್ಲುವುದಿಲ್ಲ. ಬೆಲ್ಟ್ ಬಿಗಿಯಾಯಿತು ಎಂದು ಮೇಸ್ತ್ರಿ ಸಡಿಲಿಸಿದ. ಆಗ ಪಟಪಟ ಹೊಡೆಯತೊಡಗಿತು, ಅಳು ಹಾಗೇ ಇತ್ತು. ಮತ್ತೆ ಬಿಗಿ ಮಾಡಿದ. ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ನೋಡಿದ, ಬೆಲ್ಟಿನ ಒಂದು ಹಲ್ಲೂ ಆಚೀಚೆ ಇಲ್ಲ. ಕೊನೆಗೆ ಕೈ ಒರೆಸಿಕೊಂಡು ಹೇಳಿದ: "ಹಾಡ್ಲಿ ಬಿಡಿ ಅಮ್ಮಾವ್ರೆ, ಹೊಸ ಬೆಲ್ಟು. ಎರಡು ದಿನ ಹಾಡುತ್ತೆ."

ಆ ಮಾತು ಕೇಳಿದ ಮೇಲೆ ನಾನು ಕಾರಿನ ಕೀಲಿಯನ್ನು ಒಳಗೆ ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಯಾಕೆ ಎಂದು ಅವನು ಕೇಳಲಿಲ್ಲ. ನೀನೂ ಕೇಳಬೇಡ.

ಆರು ವರ್ಷದಿಂದ ಈ ಮನೆಯಲ್ಲಿ ಟೈಮಿಂಗ್ ಬೆಲ್ಟ್ ಎಂಬ ಮಾತನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ. ನಿಮ್ಮಪ್ಪನ ಕಾರಿಗೆ ನೀನು ಬೆಲ್ಟ್ ಹಾಕಿದ್ದು, ಮರುದಿನ ಗುಡ್ಡದ ಇಳಿಜಾರಿನಲ್ಲಿ ಅದು ಕಳಚಿದ್ದು, ಅವರು ಮನೆಗೆ ಬಾರದೇ ಹೋದದ್ದು, ಅದನ್ನೆಲ್ಲ ಮತ್ತೆ ಕೆದಕಲು ಈ ಕಾಗದ ತೆಗೆದದ್ದಲ್ಲ. ಬಸ್ ಡಿಪೋದಲ್ಲಿ ಕಿವಿಯಿಂದಲೇ ರೋಗ ಹಿಡಿಯುವವಳು ಎಂದು ನಿನಗೆ ಹೆಸರಿದೆಯಂತೆ. ಚಿಕ್ಕಪ್ಪ ಹೇಳಿದರು. ಅದಕ್ಕೇ ಕೇಳುತ್ತಿದ್ದೇನೆ.

ಇನ್ನೊಂದು. ಸ್ಪ್ಯಾನರ್ ಸೆಟ್ಟಿನಲ್ಲಿ ಹದಿಮೂರು ನಂಬರಿನದು ಇಲ್ಲ. ಹೋಗುವಾಗ ನೀನು ತೆಗೆದುಕೊಂಡು ಹೋದೆ. ಒಂದು ಸೆಟ್ಟಿನಲ್ಲಿ ಒಂದು ಹಲ್ಲು ಬಿದ್ದರೆ ನೋಡಲು ಚೆನ್ನಾಗಿರುವುದಿಲ್ಲ.

ಇತಿ,
ಗ್ಯಾರೇಜಿನ ಯಜಮಾನಿ


ಜೂನ್ ೧೫

ಅಮ್ಮನಿಗೆ,

ಮೊದಲು ಫ್ಯಾನ್ ಬೆಲ್ಟ್ ಬಿಚ್ಚಿಸು. ಬಿಚ್ಚಿಟ್ಟು ಇಂಜಿನ್ ಸ್ಟಾರ್ಟ್ ಮಾಡಿ ನೋಡಲು ಹೇಳು, ಹೆಚ್ಚು ಹೊತ್ತು ಬೇಡ. ಸದ್ದು ಹೋದರೆ ದೋಷ ಹೊರಗಿನದು, ಡೈನಮೋ ಕಡೆಯದು. ಹೋಗದಿದ್ದರೆ ಒಳಗಿನದು. ಆಗ ಮೇಲಿನ ಮುಚ್ಚಳ ತೆಗೆದು, ಬೆಲ್ಟ್ ಎಲ್ಲಾದರೂ ಉಜ್ಜುತ್ತಿದೆಯೇ, ಮುಚ್ಚಳದ ಒಳಗೆ ಕಪ್ಪು ಪುಡಿ ಬಿದ್ದಿದೆಯೇ ನೋಡಬೇಕು. ಪುಡಿ ಇಲ್ಲವಾದರೆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ತುದಿಯನ್ನು ಮೊದಲು ವಾಟರ್ ಪಂಪಿಗೆ, ಆಮೇಲೆ ಟೆನ್ಷನರ್ ನಟ್ಟಿಗೆ ಇಡಬೇಕು. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಚಕ್ರ ಅದು, ನಿನಗೆ ಗೊತ್ತು. ಕೂದಲು, ಬಟ್ಟೆ ಹತ್ತಿರ ಬರದ ಹಾಗೆ ಜಾಗ್ರತೆ.

ಎಲ್ಲಿ ಸದ್ದು ಜೋರೋ ಬರೆ. ಅಲ್ಲಿಯವರೆಗೆ ನರ್ಸಮ್ಮನಿಗೆ ಕಾರು ಕೊಡಬೇಡ. ಅವರು ಎಷ್ಟೇ ಕೂಗಾಡಲಿ, ಕೊಡಬೇಡ.

ಸದ್ದನ್ನು ನೀನು ಬರೆದದ್ದು ಸರಿಯಾಗಿದೆ. ಆ ಸದ್ದು ನನಗೆ ಗೊತ್ತು.

ಹದಿಮೂರು ನಂಬರಿನದು ನನ್ನ ಹತ್ತಿರವೇ ಇದೆ. ಅದನ್ನು ಅಪ್ಪ ನನಗೆ ಕೊಟ್ಟದ್ದು.

ಮಗಳು


ಜೂನ್ ೨೮

ಮಗಳಿಗೆ,

ನೀನು ಹೇಳಿದ ಹಾಗೆಯೇ ಮಾಡಿಸಿದೆ. ಫ್ಯಾನ್ ಬೆಲ್ಟ್ ಬಿಚ್ಚಿದರೂ ಸದ್ದು ಹೋಗಲಿಲ್ಲ. ಕಪ್ಪು ಪುಡಿ ಒಂದು ಚಿಟಿಕೆಯೂ ಇಲ್ಲ. ಸ್ಕ್ರೂಡ್ರೈವರ್ ಹಚ್ಚಿ ಕೇಳು ಎಂದರೆ ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಅಷ್ಟು ಹೊತ್ತು ನಿಂತ. "ಏನು ಕೇಳಿಸ್ತು?" ಎಂದರೆ, "ಏನು ಕೇಳಿಸ್ಬೇಕು?" ಎಂದ. ಸುತ್ತಿಗೆ ಬಡಿದು ಬಡಿದು ಅವನ ಕಿವಿ ಹೋಗಿದೆ, ಒಪ್ಪುವುದಿಲ್ಲ. ಇಷ್ಟು ವರ್ಷ ನಾನು ಕೂಗಿ ಮಾತಾಡುವುದು ನನ್ನ ಸಿಟ್ಟಿನಿಂದ ಎಂದುಕೊಂಡಿದ್ದೆ. ಅವನ ಕಿವಿಯಿಂದಲೂ ಇರಬೇಕು.

ಕೊನೆಗೆ ನಾನೇ ಕೂದಲು ಗಂಟು ಹಾಕಿಕೊಂಡು ಹಿಡಿಯನ್ನು ಕಿವಿಯ ಹಿಂದೆ ಒತ್ತಿ ಬಗ್ಗಿದೆ. "ಈ ವಯಸ್ಸಲ್ಲಿ ಡಾಕ್ಟ್ರಾಗಿಬಿಟ್ರಿ ಅಮ್ಮಾವ್ರೆ" ಎಂದು ಮೇಸ್ತ್ರಿ ನಕ್ಕ. ಪಂಪಿನ ಮೇಲೆ ಇಟ್ಟಾಗ ಸಮವಾದ ಗುಂಯ್ ಅಷ್ಟೇ. ಟೆನ್ಷನರ್ ನಟ್ಟಿಗೆ ಮುಟ್ಟಿಸಿದೆ. ಆ ಅಳು ನನ್ನ ತಲೆಬುರುಡೆಯ ಒಳಗಿನಿಂದಲೇ ಎದ್ದ ಹಾಗಾಯಿತು. ಕೈ ತೆಗೆಯಲು ಆಗಲಿಲ್ಲ. ಮೇಸ್ತ್ರಿಯೇ ಇಂಜಿನ್ ಆರಿಸಿದ. ಆಮೇಲೂ ಸ್ವಲ್ಪ ಹೊತ್ತು ಕೇಳಿಸುತ್ತಲೇ ಇತ್ತು.

ನಾನು ಹೆದರುವವಳಲ್ಲ, ನಿನಗೆ ಗೊತ್ತು. ಆದರೂ ಬರೆಯಲು ಕುಳಿತ ಮೇಲೆ ಬರೆದುಬಿಡುತ್ತೇನೆ. ಈ ಸದ್ದು ನನಗೆ ಹೊಸದಲ್ಲ. ಆರು ವರ್ಷದಿಂದ ಬೆಳಿಗ್ಗೆ ಆರು ಗಂಟೆಗೆ, ನಿಮ್ಮಪ್ಪ ಕಾರು ಹೊರಗೆ ತೆಗೆಯುತ್ತಿದ್ದ ಹೊತ್ತಿಗೆ, ಇದು ಕೇಳುತ್ತದೆ. ನಲ್ಲಿಯ ಸದ್ದು ಎಂದುಕೊಂಡು ನಲ್ಲಿ ಬದಲಿಸಿದೆ. ಪಕ್ಕದ ದರ್ಜಿಯ ಹೊಲಿಗೆ ಯಂತ್ರ ಎಂದುಕೊಂಡು ಅವನ ಬಾಗಿಲಿಗೆ ಹೋಗಿ ಜಗಳ ಮಾಡಿದೆ. ಅವನ ಹೆಂಡತಿ, "ಅವರು ಊರಲ್ಲೇ ಇಲ್ವಲ್ಲಮ್ಮ, ಒಂದು ವಾರ ಆಯ್ತು" ಎಂದಳು. ಅಂದಿನಿಂದ ಯಾರನ್ನೂ ಕೇಳಿಲ್ಲ.

ಹೋಗಲಿ. ಟೆನ್ಷನರ್ ಬಿಚ್ಚಿಸಿ ಕೈಯಲ್ಲಿ ಹಿಡಿದು ನೋಡಿದೆ. ಅದರ ಬೇರಿಂಗಿನಲ್ಲಿ ಏನೂ ದೋಷವಿಲ್ಲ. ನಾನೇ ತೊಳೆದು ತಟ್ಟೆಯಲ್ಲಿಟ್ಟದ್ದು. ಬೆರಳಿನಿಂದ ತಳ್ಳಿದರೆ ಬುಗುರಿಯ ಹಾಗೆ ತಿರುಗುತ್ತದೆ. ಹೊಸದೂ ಅಷ್ಟು ಹಗುರವಾಗಿ ತಿರುಗಲಿಕ್ಕಿಲ್ಲ.

ಈ ಗ್ಯಾರೇಜಿನ ಕ್ರಮ ಇವತ್ತಿಗೂ ತಪ್ಪಿಲ್ಲ. ಬಿಚ್ಚಿದ್ದೆಲ್ಲ ಸ್ಟೀಲ್ ತಟ್ಟೆಗೆ ಬರಬೇಕು, ಬಿಚ್ಚಿದ ಸಾಲಿನಲ್ಲೇ ಇಡಬೇಕು. ನಾನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅದೇ ಸಾಲಿನಲ್ಲಿ ಮತ್ತೆ ಜೋಡಿಸುತ್ತೇನೆ. ಕೆಲಸ ಮುಗಿದಾಗ ತಟ್ಟೆ ಖಾಲಿಯಾಗಿದ್ದರೆ ಮಾತ್ರ ಕೀಲಿ ಕೊಡುತ್ತೇನೆ. ಕೊಳಕು ಭಾಗವೊಂದು ನಮ್ಮಲ್ಲಿಂದ ಹೊರಗೆ ಹೋದದ್ದಿಲ್ಲ. ನಿಮ್ಮಪ್ಪ ಒಬ್ಬರೇ ಆ ಕ್ರಮ ಮುರಿಯುತ್ತಿದ್ದರು. ಏನಾದರೊಂದನ್ನು ಜೇಬಿಗೆ ತುರುಕಿಕೊಂಡು ಗ್ರೀಸ್ ಮೆತ್ತಿಕೊಂಡು ಬರುತ್ತಿದ್ದರು. ಆ ಕಲೆಯ ಮೇಲೆ ನಮ್ಮಿಬ್ಬರದು ಮೂವತ್ತು ವರ್ಷದ ಜಗಳ. ಅದಕ್ಕೇ ನಿನ್ನ ಕೆಲಸದ ಅಂಗಿಗಳಿಗೆ ಜೇಬೇ ಬೇಡ ಎಂದು ದರ್ಜಿಗೆ ಹೇಳಿದ್ದೆ.

ಬೇರಿಂಗ್ ಚೆನ್ನಾಗಿದ್ದರೆ ಸದ್ದು ಎಲ್ಲಿಯದು? ನರ್ಸಮ್ಮ ನಿನ್ನೆಯೂ ಬಂದಿದ್ದರು. "ಮಗು ಹುಟ್ಟೋಕೆ ನಿಮ್ಮ ಬೆಲ್ಟು ಸರಿಹೋಗೋ ತನಕ ಕಾಯುತ್ತಾ?" ಎಂದು ಬೀದಿಗೆ ಕೇಳುವ ಹಾಗೆ ಕೂಗಿದರು. ಚಿಕ್ಕಪ್ಪನನ್ನು ಅವರ ಸಾರಥಿ ಮಾಡಿ ಕಳಿಸಿದ್ದೇನೆ. ಸ್ಪೇರ್ ಪಾರ್ಟ್ಸ್ ಕೌಂಟರಿನ ಹಿಂದೆ ಕುಳಿತು ಬೆಳೆಸಿದ ಹೊಟ್ಟೆ, ಸ್ವಲ್ಪ ಕರಗಲಿ.

ಬೇಗ ಬರೆ.

ಅಮ್ಮ


ಜುಲೈ ೧೦

ಅಮ್ಮ,

ಬುಗುರಿಯ ಹಾಗೆ ತಿರುಗಬಾರದು.

ಆ ಬೇರಿಂಗಿನ ಎರಡೂ ಕಡೆ ಮುಚ್ಚಿರುತ್ತದೆ. ಅದರ ಆಯುಸ್ಸಿಗೆ ಬೇಕಾದ ಗ್ರೀಸನ್ನು ಮಾಡುವಾಗಲೇ ಒಳಗೆ ತುಂಬಿರುತ್ತಾರೆ, ಆಮೇಲೆ ಹಾಕಲು ಬರುವುದಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿದರೆ ಅದು ಮುಚ್ಚಳದ ಸಂದಿನಿಂದ ಒಳಗೆ ಹೋಗಿ ಗ್ರೀಸನ್ನು ಕರಗಿಸುತ್ತದೆ. ಹೊರಗೆ ಹೊಳೆಯುತ್ತದೆ, ಒಳಗೆ ಒಣಗಿರುತ್ತದೆ. ತಡೆಯುವುದು ಏನೂ ಇಲ್ಲದ್ದರಿಂದ ಹಗುರವಾಗಿ ತಿರುಗುತ್ತದೆ. ಒಳ್ಳೆಯದು ಕೈಗೆ ಸ್ವಲ್ಪ ಭಾರ, ಜೇನಿನಲ್ಲಿ ತಿರುಗಿದ ಹಾಗೆ, ಸದ್ದಿರುವುದಿಲ್ಲ. ಒಣಗಿದ್ದು ಮೊದಲು ಅಳುತ್ತದೆ. ಏರು ದಾರಿಯಲ್ಲಿ ಕಾದು ಬಿಸಿಯಾಗುತ್ತದೆ. ಆಮೇಲೆ ಒಂದು ಸಲ ತಿರುಗದೆ ಹಿಡಿದುಕೊಂಡರೆ ಬೆಲ್ಟನ್ನು ಎಸೆಯುತ್ತದೆ. ಇಂಜಿನ್ ಆ ಕ್ಷಣವೇ ನಿಲ್ಲುತ್ತದೆ, ಬ್ರೇಕ್ ಕಲ್ಲಾಗುತ್ತದೆ, ಎಷ್ಟು ಒತ್ತಿದರೂ ಹಿಡಿಯುವುದಿಲ್ಲ.

ಹೊಸ ಬೇರಿಂಗ್ ತರಿಸಿ ಹಾಕಿಸು. ಹಳೆಯದನ್ನು ಎಸೆಯಬೇಡ.

ಇಷ್ಟೇ ಸಾಕು. ಇದಕ್ಕಿಂತ ಹೆಚ್ಚು ಕೇಳಬೇಡ ಅಮ್ಮ.

ಮಗಳು


ಜುಲೈ ೧೪

ನಿನ್ನ ಪತ್ರ ಈಗ ತಾನೇ ಬಂತು.

ನಾನು ಹೈಸ್ಕೂಲು ಮುಗಿಸಿದವಳು. ನಿನ್ನ ಹಾಗೆ ಡಿಪ್ಲೊಮಾ ಓದಿಲ್ಲ. ಆದರೆ ಈ ಗ್ಯಾರೇಜಿನಲ್ಲಿ ನಾನು ತೊಳೆದಷ್ಟು ಕಬ್ಬಿಣವನ್ನು ನೀನು ಕಣ್ಣಿನಿಂದ ನೋಡಿಲ್ಲ. ಮೂವತ್ತು ವರ್ಷದಲ್ಲಿ ನಿಮ್ಮಪ್ಪ ಒಂದು ದಿನ, ಒಂದೇ ಒಂದು ದಿನ, "ಇದನ್ನು ತೊಳೆಯಬೇಡ" ಎಂದವರಲ್ಲ. ತಪ್ಪಾಗಿದ್ದರೆ ಹೇಳುತ್ತಿರಲಿಲ್ಲವೇ? ಅವರಿಗೆ ಬಾಯಿ ಇರಲಿಲ್ಲವೇ?

ನಿನ್ನ ಕಾಗದದಲ್ಲಿ ನರ್ಸಮ್ಮನ ಕಾರಿನ ವಿಷಯ ಅರ್ಧ ಇದೆ. ಉಳಿದರ್ಧ ಯಾವ ಕಾರಿನದು ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ನನ್ನ ಕೈಗೆ ಹೆಸರಿಡಲು ಬರಬೇಡ.

ಹೊಸ ಬೇರಿಂಗ್ ತರಿಸುತ್ತೇನೆ. ನಿನ್ನ ಮಾತು ಸುಳ್ಳೆಂದು ತೋರಿಸುವುದಕ್ಕೇ ತರಿಸುತ್ತೇನೆ.

ಗ್ಯಾರೇಜಿನ ಯಜಮಾನಿ


ಆಗಸ್ಟ್ ೨೫

ಮಗಳೇ,

ಹಿಂದಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯುವಂಥದ್ದನ್ನು ನಾನೂ ಬರೆದಿರಲಿಲ್ಲ.

ಹೊಸ ಬೇರಿಂಗ್ ಬರಲು ಮೂರು ವಾರ ಹಿಡಿಯಿತು. ಬಂದ ದಿನ ಡಬ್ಬಿ ಒಡೆದು ಅದನ್ನು ಬಲಗೈಯಲ್ಲಿ, ನಾನು ತೊಳೆದದ್ದನ್ನು ಎಡಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ತಿರುಗಿಸಿದೆ. ಬಲಗೈಯದು ಅರ್ಧ ಸುತ್ತು ಹೋಗಿ ಸುಮ್ಮನೆ ನಿಂತಿತು. ಎಡಗೈಯದು ತಿರುಗುತ್ತಲೇ ಇತ್ತು. ಕಿವಿಯ ಹತ್ತಿರ ತಂದೆ. ಒಳಗೆ ಮರಳು ಜರಡಿ ಹಿಡಿದ ಹಾಗೆ ಸದ್ದು. ಹೊಸದನ್ನು ಹಾಕಿ ಮೇಸ್ತ್ರಿ ಇಂಜಿನ್ ಸ್ಟಾರ್ಟ್ ಮಾಡಿದ. ಅಷ್ಟು ಹೊತ್ತು ಕಾದೆವು. ಏನೂ ಇಲ್ಲ. ಸ್ಕ್ರೂಡ್ರೈವರ್ ಹಚ್ಚಿ ಕೇಳಿದರೂ ಏನೂ ಇಲ್ಲ. ಮೇಸ್ತ್ರಿ, "ಹೋಯ್ತಲ್ಲ ಅಮ್ಮಾವ್ರೆ!" ಎಂದು ಕುಣಿದ. ನಾನು ಒಳಗೆ ಹೋಗಿ ಕುಳಿತೆ.

ಆಮೇಲೆ ಮೂರು ವಾರ ನಾನೇನೂ ಮಾಡಲಿಲ್ಲ. ಗ್ಯಾರೇಜು ನಡೆಯಿತು. ಸೀಮೆಎಣ್ಣೆಯ ಟಬ್ಬು ಮುಟ್ಟಲಿಲ್ಲ. ಮೈ ಹುಷಾರಿಲ್ಲ ಎಂದೆ.

ಮೊನ್ನೆ ಬೆಳಿಗ್ಗೆ ಹಿತ್ತಲಿಗೆ ಹೋದೆ. ನಮ್ಮ ಕಾರು ಅಲ್ಲಿ ಟಾರ್ಪಾಲಿನ ಅಡಿಯಲ್ಲೇ ಇದೆ. ಗುಜರಿಯವನು ನಾಲ್ಕು ಸಲ ಕೇಳಿದ್ದ, ಕೊಟ್ಟಿರಲಿಲ್ಲ. ಬೆಲ್ಟ್ ಕಳಚಿದೆ ಎಂದು ಆ ದಿನ ಎಲ್ಲರೂ ಹೇಳಿದರು. ಬೆಲ್ಟ್ ಹಾಕಿದವಳು ನೀನು. ಅಲ್ಲಿಗೆ ಮುಗಿಯಿತು ಎಂದು ಯಾರೂ ಮುಂದೆ ಬಿಚ್ಚಿ ನೋಡಲಿಲ್ಲ. ಮೊನ್ನೆ ಮೇಸ್ತ್ರಿಯನ್ನು ಕರೆದು ಬಿಚ್ಚಿಸಿದೆ. ಅವನು ಮೊದಲು ಆಗುವುದಿಲ್ಲ ಎಂದ. ನಾನು ಅವನನ್ನೇ ದಿಟ್ಟಿಸಿ ನೋಡಿದೆ. ಬಿಚ್ಚಿದ.

ಟೆನ್ಷನರಿನ ಬೇರಿಂಗ್ ನೀಲಿಯಾಗಿದೆ, ಬೆಂದ ಹಾಗೆ. ಎರಡು ಕೈಯಲ್ಲಿ ಹಿಡಿದು ತಿರುಗಿಸಿದರೂ ತಿರುಗುವುದಿಲ್ಲ. ನೀನು ಹಾಕಿದ ಬೆಲ್ಟಿನಲ್ಲಿ ತಪ್ಪಿಲ್ಲ, ಗುರುತುಗಳಲ್ಲಿ ತಪ್ಪಿಲ್ಲ, ನಟ್ಟುಗಳೆಲ್ಲ ಬಿಗಿಯಾಗಿವೆ. ಮೇಸ್ತ್ರಿ ಒಂದೊಂದೇ ಮುಟ್ಟಿ ಮುಟ್ಟಿ ಹೇಳಿದ. "ಚಿಕ್ಕಮ್ಮಾವ್ರ ಕೆಲಸದಲ್ಲಿ ಕಸರಿಲ್ಲ ಅಮ್ಮಾವ್ರೆ" ಎಂದ. ಆರು ವರ್ಷದ ಮೇಲೆ ಅವನು ನಿನ್ನ ಮಾತನ್ನು ನನ್ನೆದುರು ಎತ್ತಿದ್ದು ಅದೇ ಮೊದಲು.

ಆ ಮಧ್ಯಾಹ್ನ ನಿಮ್ಮಪ್ಪನ ಪೆಟ್ಟಿಗೆ ತೆಗೆದೆ. ಕೆಲಸದ ಅಂಗಿಗಳನ್ನು ಹಾಗೇ ಮಡಚಿಟ್ಟಿದ್ದೆ. ಏಳು ಅಂಗಿ. ಏಳರ ಜೇಬಿನಲ್ಲೂ ಕಲೆ ಇದೆ. ಎಷ್ಟು ಸಲ ತಿಕ್ಕಿದ್ದೇನೆ ಅದನ್ನು, ಎಷ್ಟು ಬೈದಿದ್ದೇನೆ. ಯಾವತ್ತೂ ಅದರ ಆಕಾರ ನೋಡಿರಲಿಲ್ಲ. ಉಂಗುರದ ಹಾಗಿದೆ, ನಡುವೆ ಬಟ್ಟೆ ಬೆಳ್ಳಗೇ ಉಳಿದಿದೆ. ನೀಲಿಯಾದ ಬೇರಿಂಗನ್ನು ತಂದು ಒಂದರ ಮೇಲಿಟ್ಟೆ. ಸರಿಯಾಗಿ ಕೂತಿತು.

ಅವರು ಅದನ್ನು ನನ್ನ ಕೈಗೆ ಸಿಗದ ಹಾಗೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೂವತ್ತು ವರ್ಷ. "ತೊಳೆಯಬೇಡ ಕಣೇ" ಎಂಬ ಎರಡು ಮಾತಿಗಿಂತ ಮೂವತ್ತು ವರ್ಷದ ಬೈಗುಳ ಅವರಿಗೆ ಹಗುರವಾಗಿ ಕಂಡಿತಲ್ಲ. ನಾನು ಎಂಥವಳಾಗಿದ್ದಿರಬೇಕು.

ಇನ್ನೊಂದು ಇದೆ, ಅದನ್ನು ಯಾರಿಗೂ ಹೇಳಿಲ್ಲ. ಆ ಬೆಳಿಗ್ಗೆ ಆರು ಗಂಟೆಗೆ ಅವರು ಕಾರು ಹೊರಗೆ ತೆಗೆದರು. ನೀನು ಹಿಂದಿನ ದಿನದ ಆಯಾಸಕ್ಕೆ ಮಲಗಿದ್ದೆ. ತಟ್ಟೆ ಖಾಲಿ ಇತ್ತು, ಕೀಲಿ ಕೊಟ್ಟವಳು ನಾನು. ಅವರು ಇಂಜಿನ್ ಓಡಲು ಬಿಟ್ಟು, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನೇ, ಒಳಗೆ ಏನೋ ಸದ್ದು ಬರ್ತಿದೆ. ಕೇಳ್ತಿದ್ಯಾ?" ಎಂದರು. ನನಗೆ ಕೇಳುತ್ತಿತ್ತು. ತೆಳ್ಳಗೆ. ಮಗಳನ್ನು ಎಬ್ಬಿಸುತ್ತೇನೆ ಎಂದರು. ನಾನು ಹೇಳಿದೆ: "ಹೊಸ ಬೆಲ್ಟು, ಹಾಡ್ಲಿ ಬಿಡಿ. ಹೊತ್ತಾಯ್ತು, ಹೊರಡಿ." ಅವರು ಹೊರಟರು.

ಅವರನ್ನು ಕಳಿಸಿಕೊಟ್ಟು ಬಂದ ದಿನ, ಮನೆ ತುಂಬ ಜನರಿದ್ದಾಗ, ನಿನ್ನ ಬಲಗೈ ಹಿಡಿದು ಮೇಲೆತ್ತಿ "ಈ ಕೈ ನೋಡಿ, ಈ ಕೈ" ಎಂದೆನಲ್ಲ. ಆಗ ನನ್ನ ಬಾಯಲ್ಲಿ ಈ ಮಾತು ಇತ್ತು. ಇದು ಹೊರಗೆ ಬರಬಾರದು ಎಂದು ನಿನ್ನ ಕೈಯನ್ನು ಮುಂದೆ ಮಾಡಿದೆನೋ ಏನೋ. ನೀನು ಕೈ ಬಿಡಿಸಿಕೊಳ್ಳಲಿಲ್ಲ. ನಾನಾಗಿ ಬಿಡುವವರೆಗೂ ನಿಂತಿದ್ದೆ.

ನಿನಗೆ ಆಗಲೇ ಗೊತ್ತಿತ್ತೇ? ಹೌದು ಅಥವಾ ಇಲ್ಲ ಎಂದಷ್ಟೇ ಬರೆ.

ಅಮ್ಮ


ಸೆಪ್ಟೆಂಬರ್ ೯

ಅಮ್ಮ,

ಹೌದು.

ಅಪ್ಪ ನನಗೆ ಹತ್ತು ವರ್ಷ ಆಗಿದ್ದಾಗಲೇ ಹೇಳಿಕೊಟ್ಟಿದ್ದರು. "ಬೇರಿಂಗ್ ನಿಮ್ಮಮ್ಮನ ಕೈಗೆ ಸಿಗಬಾರ್ದು. ಸಿಗಬಾರ್ದು ಅನ್ನೋದೂ ನಿಮ್ಮಮ್ಮನಿಗೆ ಗೊತ್ತಾಗಬಾರ್ದು." ನಮ್ಮಿಬ್ಬರಿಗೂ ಅದೊಂದು ಆಟವಾಗಿತ್ತು. ನೀನು ಕಲೆ ನೋಡಿ ಕೂಗುವಾಗ ಅಪ್ಪ ನನ್ನತ್ತ ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಅವರು ನಿನಗೆ ಹೆದರಿ ಹಾಗೆ ಮಾಡುತ್ತಿರಲಿಲ್ಲ ಅಮ್ಮ. ಒಂದು ಸಲ ನಾನೇ ಕೇಳಿದೆ, ಹೇಳಿಬಿಡಬಹುದಲ್ಲ ಎಂದು. "ದಿನಾ ಅಷ್ಟು ಕೊಳೆ ತೊಳೀತಾಳೆ, ಅದ್ರಲ್ಲಿ ಒಂದು ತಪ್ಪು ಅಂತ ಯಾವ ಬಾಯಲ್ಲಿ ಹೇಳ್ಲಿ?" ಎಂದರು.

ಅಪ್ಪನ ಕಾರಿಗೆ ಬೆಲ್ಟ್ ಹಾಕಿದ ಆ ಸಂಜೆ ನನ್ನ ಅಂಗಿಗೆ ಜೇಬಿರಲಿಲ್ಲ. ಬೇರಿಂಗನ್ನು ತಟ್ಟೆಯ ಅಂಚಿನಲ್ಲಿಟ್ಟು ನೀರು ಕುಡಿಯಲು ಹೋದೆ. ಬರುವಷ್ಟರಲ್ಲಿ ಅದು ಟಬ್ಬಿನಲ್ಲಿತ್ತು. ಆಮೇಲೆ ನೀನು ಒರೆಸಿ ತಟ್ಟೆಯಲ್ಲಿಟ್ಟಿದ್ದೆ, ಹೊಳೆಯುತ್ತಿತ್ತು. ಕೈಗೆ ತೆಗೆದುಕೊಂಡಾಗಲೇ ಗೊತ್ತಾಯಿತು. ಹಗುರವಾಗಿ ತಿರುಗಿತು. ಸೀಮೆಎಣ್ಣೆಯ ವಾಸನೆ ಇತ್ತು. ಇನ್ನೊಂದು ತರಿಸೋಣ ಎಂದರೆ ನೀನು ಯಾಕೆ ಎನ್ನುತ್ತೀಯ, ಯಾಕೆ ಎಂದು ಹೇಳಿದರೆ ಅಪ್ಪನ ಇಷ್ಟು ವರ್ಷದ ಗುಟ್ಟು ಹೋಗುತ್ತದೆ, ಮನೆಯಲ್ಲಿ ರಾದ್ಧಾಂತ. ನಾಳೆ ಒಂದು ದಿನ ಓಡಲಿ, ನಾಡಿದ್ದು ನಿನಗೆ ತಿಳಿಯದ ಹಾಗೆ ಬದಲಿಸುತ್ತೇನೆ ಎಂದುಕೊಂಡೆ. ಹದಿಮೂರು ನಂಬರಿನಲ್ಲಿ ಬಿಗಿ ಮಾಡಿದೆ.

ಆದ್ದರಿಂದ ಆ ದಿನ ನೀನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಈ ಕೈಯೂ ಇತ್ತು. ಅದಕ್ಕೇ ಬಿಡಿಸಿಕೊಳ್ಳಲಿಲ್ಲ. ನಿನ್ನ ಕೈಯೂ ಇತ್ತು ಎಂದು ಆಗ ಹೇಳಿದ್ದರೆ ಆಮೇಲೆ ನೀನು ಏನನ್ನು ಹಿಡಿದುಕೊಂಡು ಬದುಕುತ್ತಿದ್ದೆ? ತಪ್ಪು ಒಬ್ಬರ ಮೇಲಿದ್ದರೆ ಸಾಕು ಎಂದು ಹೊರಟು ಬಂದೆ.

ಆರು ಗಂಟೆಗೆ ನನಗೂ ಎಚ್ಚರವಾಗುತ್ತದೆ. ಇಲ್ಲಿ ಡಿಪೋದಲ್ಲಿ ಆ ಹೊತ್ತಿಗೆ ಎಂಬತ್ತು ಬಸ್ಸು ಒಟ್ಟಿಗೆ ಸ್ಟಾರ್ಟ್ ಆಗುತ್ತವೆ. ಅಷ್ಟರ ನಡುವೆಯೂ ಅದೊಂದು ಕೇಳುತ್ತದೆ. ಈ ಕೆಲಸಕ್ಕೆ ಸೇರಿದ್ದೇ ಆ ಗದ್ದಲ ಇರಲಿ ಎಂದು.

ನೀನು ಎಬ್ಬಿಸಿದ್ದರೆ ನಾನು ಎದ್ದು ಬರುತ್ತಿದ್ದೆ. ಸದ್ದು ಕೇಳಿದ್ದರೆ ಹೋಗಲು ಬಿಡುತ್ತಿರಲಿಲ್ಲ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯದೆ ಬಿಟ್ಟರೆ ಇನ್ನೊಂದು ಜೇಬಿನ ಕಲೆಯಾಗುತ್ತದೆ.

ಸ್ಪ್ಯಾನರನ್ನು ಅಂಚೆಯಲ್ಲಿ ಕಳಿಸುತ್ತೇನೆ. ಸೆಟ್ಟು ಪೂರ್ತಿಯಾಗಲಿ.

ಮಗಳು


ಸೆಪ್ಟೆಂಬರ್ ೨೦

ಮಗಳೇ,

ನಿನ್ನ ಪತ್ರವನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಓದಿದೆ. ಕೊನೆಯಲ್ಲಿ ಬರೆದಿದ್ದೀಯಲ್ಲ, ಎಬ್ಬಿಸಿದ್ದರೆ ಎಂದು. ಅದನ್ನು ನೀನು ಬರೆದದ್ದು ಒಳ್ಳೆಯದಾಯಿತು.

ಭಾನುವಾರ ಎಲ್ಲರನ್ನೂ ಗ್ಯಾರೇಜಿಗೆ ಕರೆಸಿದೆ. ಚಿಕ್ಕಪ್ಪ, ಚಿಕ್ಕಮ್ಮ, ಮೇಸ್ತ್ರಿ, ಪಕ್ಕದ ದರ್ಜಿ ಮತ್ತು ಅವನ ಹೆಂಡತಿ. ಆ ದಿನ ಮನೆಯಲ್ಲಿದ್ದವರಲ್ಲಿ ಈಗ ಸಿಕ್ಕುವವರು ಇಷ್ಟೇ. ನರ್ಸಮ್ಮ ಕರೆಯದೇ ಬಂದಿದ್ದರು. ಕಾರು ಕೈಗೆ ಬಂದ ಮೇಲೂ ನನ್ನ ಮೇಲೆ ಒಂದು ಕಣ್ಣಿಟ್ಟಿದ್ದಾರೆ. ತಟ್ಟೆಯನ್ನು ನಡುವೆ ಇಟ್ಟು, ಅದರಲ್ಲಿ ನೀಲಿಯಾದ ಬೇರಿಂಗನ್ನು ಇಟ್ಟು, ನನ್ನ ಬಲಗೈ ಮೇಲೆತ್ತಿದೆ. ಹೇಳಬೇಕಾದದ್ದನ್ನು ಹೇಳಿದೆ. ತೊಳೆದದ್ದು, ಆರು ಗಂಟೆಯದು, ಎರಡನ್ನೂ. ನಿನ್ನ ಪಾಲಿನದನ್ನು ಹೇಳಲಿಲ್ಲ. ಅದು ನಿನ್ನದು, ಬೇಕಾದರೆ ನೀನೇ ಹೇಳು, ಬೇಡವಾದರೆ ಬಿಡು.

ಚಿಕ್ಕಪ್ಪ, "ಈಗ ಯಾಕೆ ಅತ್ತಿಗೆ ಇದೆಲ್ಲ? ಆಗಿಹೋದದ್ದು" ಎಂದರು. "ಆವತ್ತು ನಾನು ಆಡಿದ್ದು ನಿಮಗೆಲ್ಲ ಕೇಳಿಸಿತ್ತಲ್ಲ, ಇದೂ ಕೇಳಿಸ್ಲಿ" ಎಂದೆ. ಮೇಸ್ತ್ರಿ ತಲೆ ಕೆರೆದುಕೊಂಡು ನಿಂತಿದ್ದ. ಆಮೇಲೆ ಮೆಲ್ಲಗೆ ಹೇಳಿದ: "ಬೇರಿಂಗನ್ನ ನಾನೂ ಜೇಬಿಗೇ ಹಾಕ್ಕೊಳ್ತಿದ್ದೆ ಅಮ್ಮಾವ್ರೆ. ಯಜಮಾನ್ರು ಹಾಕ್ಕೊಳ್ತಿದ್ರು, ಅದ್ಕೇ ನಾನೂ. ಯಾಕೆ ಅಂತ ಒಂದಿನಾನೂ ಕೇಳಿರ್ಲಿಲ್ಲ. ನರ್ಸಮ್ಮನ ಕಾರು ಬಂದ ದಿನ ಹೊಸ ಅಂಗಿ. ಕಲೆಯಾದ್ರೆ ನಮ್ಮನೇಲಿ ಬಯ್ತಾಳಲ್ಲಾಂತ ತಟ್ಟೆಗೆ ಹಾಕಿದೆ." ನರ್ಸಮ್ಮ ಅವನನ್ನೂ ನನ್ನನ್ನೂ ನೋಡಿದರು. "ನಿಮ್ಮಿಬ್ಬರ ಮನೆ ಬೈಗುಳಕ್ಕೆ ನಾನು ಗುಡ್ಡದಿಂದ ಉರುಳ್ಬೇಕಿತ್ತಾ?" ಎಂದರು. ಚಿಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತಾ ನಗುತ್ತಾ ಅತ್ತುಬಿಟ್ಟಳು. ಅವಳನ್ನು ಸುಮ್ಮನಿರಿಸುವುದೇ ಒಂದು ಕೆಲಸವಾಯಿತು.

ಸೋಮವಾರ ಆರಕ್ಕೆ ಎಚ್ಚರವಾಯಿತು. ಹಾಸಿಗೆಯಲ್ಲೇ ಕುಳಿತಿದ್ದೆ. ಅದು ಬಂತು, ಎಂದಿನ ಹಾಗೆ ತೆಳ್ಳಗೆ, ಗ್ಯಾರೇಜಿನ ಬಾಗಿಲ ಕಡೆಯಿಂದ. ಎದ್ದು ಹೋಗಿ ಬಾಗಿಲು ತೆರೆದು ನಿಂತೆ. ಹೊರಗೆ ಏನೂ ಇರಲಿಲ್ಲ, ಒದ್ದೆ ನೆಲದ ಮೇಲೆ ಎಣ್ಣೆಯ ಹಳೆಯ ಕಲೆಗಳು ಅಷ್ಟೇ. ಗಟ್ಟಿಯಾಗಿ ಹೇಳಿದೆ: "ಕೇಳ್ತಿದೆ ರೀ. ಇಳೀರಿ. ಮಗಳನ್ನ ಎಬ್ಬಿಸ್ತೀನಿ." ದರ್ಜಿಯ ಹೆಂಡತಿ ಕಿಟಕಿಯಿಂದ ಇಣುಕಿ ನೋಡಿ ಒಳಗೆ ಸರಿದಳು. ನೋಡಲಿ.

ಅಂದಿನಿಂದ ನಾಲ್ಕು ದಿನ ಆಯಿತು. ಆರು ಗಂಟೆಗೆ ಎಚ್ಚರವಾಗುತ್ತದೆ, ಏನೂ ಕೇಳುವುದಿಲ್ಲ. ನೆಮ್ಮದಿ ಎಂದುಕೊಂಡಿದ್ದೆ, ಹಾಗಿಲ್ಲ. ಆ ಸದ್ದು ಇದ್ದಷ್ಟು ದಿನ ಅವರು ಇನ್ನೂ ಬಾಗಿಲಲ್ಲೇ ಇಂಜಿನ್ ಓಡಲು ಬಿಟ್ಟು ನನ್ನ ಉತ್ತರಕ್ಕೆ ಕಾದಿದ್ದ ಹಾಗಿತ್ತು. ಈಗ ಹೊರಟುಹೋದ ಹಾಗಿದೆ. ಈ ಸಲ ನಿಜವಾಗಿ.

ಸೀಮೆಎಣ್ಣೆಯ ಟಬ್ಬಿನ ಮೇಲೆ ಮೇಸ್ತ್ರಿಯ ಕೈಯಲ್ಲಿ ಬರೆಸಿದ್ದೇನೆ, ಬೇರಿಂಗ್ ಇಲ್ಲಿ ಹಾಕಬಾರದು ಎಂದು. ಅಕ್ಷರ ಸೊಟ್ಟಗಿದೆ, ನಾಳೆ ಅಳಿಸಿ ನಾನೇ ಬರೆಯುತ್ತೇನೆ. ದರ್ಜಿಗೆ ಹೇಳಿ ನಿನ್ನ ಹಳೆಯ ಅಳತೆಯಲ್ಲೇ ಮೂರು ಕೆಲಸದ ಅಂಗಿ ಹೊಲಿಸಿದ್ದೇನೆ. ಎರಡೆರಡು ಜೇಬು, ಆಳವಾಗಿ. ನೀನು ದಪ್ಪಗಾಗಿದ್ದರೆ ಬಿಚ್ಚಿ ಅಗಲ ಮಾಡಲು ಬಟ್ಟೆ ಒಳಗೆ ಬಿಡಿಸಿದ್ದೇನೆ. ತೆಳ್ಳಗಾಗಿದ್ದರೆ ಅದಕ್ಕೆ ಬೇರೆ ಬೈಗುಳ ಇದೆ.

ನೀಲಿಯಾದ ಬೇರಿಂಗ್ ತಟ್ಟೆಯಲ್ಲೇ ಇದೆ. ಎತ್ತಿಡಲು ನನಗೆ ಕೈ ಬರುವುದಿಲ್ಲ. ತಟ್ಟೆ ಖಾಲಿಯಾಗದೆ ನಾನು ಕೀಲಿ ಕೊಡುವವಳಲ್ಲ, ಆದ್ದರಿಂದ ಸೋಮವಾರದಿಂದ ಗ್ಯಾರೇಜಿನ ಕೆಲಸವೆಲ್ಲ ನಿಂತಿದೆ. ಚಿಕ್ಕಪ್ಪ ಗೊಣಗುತ್ತಿದ್ದಾರೆ.

ಹದಿಮೂರು ನಂಬರಿನ ಸ್ಪ್ಯಾನರನ್ನು ಅಂಚೆಯಲ್ಲಿ ಕಳಿಸಬೇಡ. ಭಾರದ ವಸ್ತು, ದಾರಿಯಲ್ಲಿ ಎಲ್ಲಾದರೂ ಬಿದ್ದುಹೋಗುತ್ತದೆ.

ಅಮ್ಮ